ಕಾಣದ ಹೊಲಿಗೆ

ಅಲ್ಲಾಡುತ್ತಿದೆ, ಫ್ಯಾನಿನ ಗಾಳಿಗೆ, ಗೇಣುದ್ದದ ಹಸಿರು ದಾರ, ಚಿಂದಿ ಕೂಡಿಸಿದ ಬಟ್ಟೆಯ ನಡುಮಧ್ಯದಿಂದ ಜೋತುಬಿದ್ದು, ಶೀತವಾದ ಮಗುವಿನ ಮೂಗಿನ ಸಿಂಬಳದ ಹಾಗೆ — ಇಪ್ಪತ್ತೆಂಟು ವರ್ಷದಲ್ಲಿ ಇಂಥದ್ದೊಂದು ದಾರ ನೇತಾಡುತ್ತ ನನ್ನ ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ, ಇವತ್ತು ದಾಟುತ್ತದೆ, ನಾಲ್ಕು ಗಂಟೆಗೆ ಲೈಬ್ರರಿಯಿಂದ ಆಳು ಬಂದು ಒಯ್ಯುತ್ತಾನೆ, ಮಹಡಿಯ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಿನ ಗೋಡೆಯೇ ಅಂತೆ ಇದಕ್ಕೆ, ಕೆಳಗೆ ಚೀಟಿಯಲ್ಲಿ ವಾರಗಿತ್ತಿಯ ಹೆಸರು, ನನ್ನ ಪಾಲಿಗೆ ಬಂದದ್ದು ಹಿಂದುಗಡೆ, ತೂಗುಹಾಕಲು ಕೋಲು ತೂರಿಸುವ ಪಟ್ಟಿ. ಅಕ್ಕ, ನೀವೇ ಹಾಕಿಕೊಡಿ, ನಿಮ್ಮ ಕೈಯಲ್ಲಾದ್ರೆ ಹೊಲಿಗೆ ಕಾಣ್ಸೋದೇ ಇಲ್ಲ, ಅಂದಳು, ಹೊಗಳಿಕೆ ಅಂತಲೇ ಅಂದಳು, ಕೊಂಕು ಮಾತಾಡಲು ಬರುವವಳಾಗಿದ್ದರೆ ಅಲ್ಲೇ ನಾಲ್ಕು ಮಾತು ಬಿಗಿದು ಹಗುರಾಗುತ್ತಿದ್ದೆ, ಅದೂ ಬರುವುದಿಲ್ಲ ಅವಳಿಗೆ. ಏನು ಬರುತ್ತದೆ, ಮೈದುನನ ಕೈಹಿಡಿದು ಈ ಮನೆಗೆ ಬಂದಾಗ ಗುಂಡಿ ಹಾಕಲೂ ಬಾರದು, ನಾನೇ ಕೂರಿಸಿಕೊಂಡು ಕಲಿಸಿದೆ, ಹೊಲಿದರೆ ಹಾವು ಹರಿದ ಹಾಗೆ, ಬಿಚ್ಚು ಅಂದೆ, ನಮ್ಮೂರ ಶಾಲೆಯಲ್ಲಿ ಹೊಲಿಗೆ ಟೀಚರು ನನಗೆ ಅಂದ ಹಾಗೆಯೇ ಅಂದೆ, ಬಿಚ್ಚು, ಇಡೀ ತರಗತಿಯ ಎದುರಿಗೆ, ಕರವಸ್ತ್ರದ ಮೇಲೆ ನಾನು ಮನಸ್ಸು ಬಂದ ಕಡೆಗೆಲ್ಲ ದಾರ ಓಡಿಸಿದ್ದೆ, ಯಾಕೆ ಓಡಿಸಿದೆನೋ, ಚೆನ್ನಾಗಿ ಕಂಡಿತ್ತು, ಅಳುತ್ತ ಬಿಚ್ಚಿದೆ, ಆಮೇಲೆ ನನ್ನ ಹೊಲಿಗೆ ಒಂದು ಸಲವೂ ಸೊಟ್ಟಗಾಗಲಿಲ್ಲ. ಇವಳು ನಕ್ಕಳು. ಇರ್ಲಿ ಬಿಡಿ ಅಕ್ಕ, ಪಾಪ, ಅಂದಳು, ಹೊಲಿಗೆಗೆ ಪಾಪ ಅಂದವಳನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಪಟ್ಟಿ ಕತ್ತರಿಸಿಯಾಯಿತು, ಮೊಳೆಯಿಂದ ಬಟ್ಟೆ ಇಳಿಸಿ ಮಷಿನ್ನಿಗೆ ಹಾಕಬೇಕು, ಎಷ್ಟು ಭಾರವಿದೆ ದರಿದ್ರದ್ದು, ಎಲ್ಲ ನನ್ನ ಚಿಂದಿಬುಟ್ಟಿಯದ್ದೇ, ಕೋಟಿನ ಬೂದು ಲೈನಿಂಗು, ನೀಲಿ ಪ್ಯಾಂಟಿನ ಕಾಲು, ಸೀಮೆಸುಣ್ಣದ ನನ್ನ ಗೆರೆಗಳನ್ನು ಉಜ್ಜಿಯೂ ಇಲ್ಲ, ಎರಡು ತಿಂಗಳು ನೆಲದ ಮೇಲೆ ಹರಡಿಕೊಂಡು ಸುತ್ತಿದಳು, ಹೆಬ್ಬೆರಳಿನಿಂದ ಒಂದು ತುಂಡು ಅತ್ತ ತಳ್ಳುವುದು, ಒಂಟಿ ಕಾಲಲ್ಲಿ ನಿಂತು ನೋಡುವುದು, ಮತ್ತೆ ಇತ್ತ ಎಳೆಯುವುದು, ಒಂದು ದಿನವಿಡೀ ಸೂಜಿ ಮುಟ್ಟದೆ ಸುಮ್ಮನೆ ಕೂತಿದ್ದಳು. ಏನೇ ಅದು, ಹಕ್ಕಿನಾ, ಬೆಟ್ಟಾನಾ? ಏನೂ ಅಲ್ಲ ಅಕ್ಕ. ಏನೂ ಅಲ್ಲದ್ದಕ್ಕೆ ಇಷ್ಟು ದಿನ ಬೇಕಾ ನಿಂಗೆ? ಅದಕ್ಕೂ ನಕ್ಕಳು. ನಡುವೆ ಇಟ್ಟಿದ್ದಾಳೆ ನೋಡು, ಆ ಪರದೆಯ ತುಂಡು, ಇಸ್ತ್ರಿಪೆಟ್ಟಿಗೆ ಇಟ್ಟು ಮರೆತು ನಾನು ಸುಟ್ಟದ್ದು, ಕಂದು ಬಣ್ಣದ ಕಲೆ, ಯಾರ ಕಣ್ಣಿಗೂ ಬೀಳದಿರಲಿ ಅಂತ ಬುಟ್ಟಿಯ ತಳದಲ್ಲಿ ತುರುಕಿದ್ದೆ, ನನ್ನ ಮಾನ ಹೋದ ಜಾಗ, ಅದನ್ನೇ ಹೆಕ್ಕಿ ಎದೆಗಿಟ್ಟ ಹಾಗೆ ಇಟ್ಟಿದ್ದಾಳೆ, ಅದರ ತುದಿಯಿಂದಲೇ ಈ ಹಸಿರು ದಾರ. ಕನ್ನಡಕದ ಮೇಡಂ, ಲೈಬ್ರರಿಯ ಪ್ರದರ್ಶನ ನಡೆಸುವವರು, ಕೋಟು ಒಯ್ಯಲು ಬಂದವರು, ನೆಲದ ಮೇಲೆ ಇದನ್ನು ಕಂಡು ನಿಂತುಬಿಟ್ಟರು, ಕೋಟು ಮರೆತರು, ಇದು ಯಾರ ಕೈ, ಅಂದರು — ಹನ್ನೊಂದು ಕೋಟು ಹೊಲಿದುಕೊಟ್ಟಿದ್ದೇನೆ ಆ ಹೆಂಗಸಿಗೆ, ಗೂನು ಬೆನ್ನು ಗೊತ್ತಾಗದ ಹಾಗೆ, ಒಂದು ಸಲ ಕೇಳಲಿಲ್ಲ ಯಾರ ಕೈ ಅಂತ.

ನಾನೂ ಕೂತೆನಲ್ಲ, ಹೋದ ಭಾನುವಾರ ಅಂಗಡಿ ಮುಚ್ಚಿಕೊಂಡು, ಇಂಥದ್ದು ಹತ್ತು ಮಾಡುತ್ತೇನೆ ಅಂತ, ಚಿಂದಿ ಹರಡಿದೆ, ಒಂಟಿ ಕಾಲಲ್ಲಿ ನಿಂತೆ, ಹೆಬ್ಬೆರಳಿನಿಂದ ತಳ್ಳಿದರೆ ಹೆಬ್ಬೆರಳೂ ಅಂಚಿಗೆ ಅಂಚು ಕೂಡಿಸುತ್ತದೆ, ಕೊನೆಗೆ ಕಣ್ಣು ಮುಚ್ಚಿ ಮಷಿನ್ ತುಳಿದೆ, ಕಣ್ಣು ಬಿಟ್ಟು ನೋಡಿದರೆ ಅಂಚಿನಿಂದ ಕಾಲಿಂಚಿಗೆ ನೆಟ್ಟಗೆ ಕೂತಿದೆ ಹೊಲಿಗೆ. ಅತ್ತಿಗೆ, ಕಾಲೊರಸು ಚೆನ್ನಾಗಿದೆ, ಬಾಗಿಲಿಗೆ ಹಾಕ್ಲಾ, ಅಂದ ಮೈದುನ, ಹಾಕಿಯೂ ಬಿಟ್ಟ, ದಿನಾ ಅದರ ಮೇಲೆ ಕಾಲೊರೆಸಿಕೊಂಡೇ ಒಳಗೆ ಬರುತ್ತೇನೆ, ಹಾಳಾದ್ದು ಒಂದು ಎಳೆಯೂ ಕಿತ್ತು ಬರುವುದಿಲ್ಲ. ಪಟ್ಟಿ ಮುಗಿಯಿತು, ಕಾಣುವುದೇ ಇಲ್ಲ, ತುದಿಯ ದಾರ ಕತ್ತರಿಸು, ಚಿಕ್, ಈ ಕಡೆಯದು, ಚಿಕ್, ಬಟ್ಟೆ ತಿರುಗಿಸು, ಚಿಕ್ —

ನೆಲದ ಮೇಲೆ ಹಸಿರು. ಕೈ, ಅಭ್ಯಾಸದ ಕೈ, ಜೋತುಬಿದ್ದ ದಾರ ಕಂಡರೆ ಕತ್ತರಿಸುವ ಕೈ, ನನ್ನದೇನು ತಪ್ಪು — ಸುಳ್ಳು, ಈ ಕೈ ನೋಡದೆ ಏನನ್ನೂ ಕತ್ತರಿಸಿದ್ದಿಲ್ಲ, ನೋಡಿದೆ, ಹಸಿರೆಂದು ಗೊತ್ತಿತ್ತು, ಕತ್ತರಿಯ ಎರಡು ಬಾಯಿಯ ನಡುವೆ ಅದು ಒಂದು ಕ್ಷಣ ನಿಂತದ್ದೂ ಗೊತ್ತು, ಎಷ್ಟು ಹಿತವಾಗಿತ್ತು. ಈಗ ಬಟ್ಟೆ ಸತ್ತ ಹಾಗಿದೆ, ಬರೀ ಚಿಂದಿ, ನಡುವೆ ಒಂದು ಸುಟ್ಟ ಕಲೆ, ಅಯ್ಯೋ, ಆ ಒಂದು ಎಳೆಯೇ ಇದನ್ನೆಲ್ಲ ಎತ್ತಿ ಹಿಡಿದಿತ್ತೇ, ಈಗ ಕಾಣುತ್ತಿದೆ ನನಗೆ, ಕತ್ತರಿಸಿದ ಮೇಲೆ. ಮೂರೂ ಮುಕ್ಕಾಲು. ಸೂಜಿ ಎಲ್ಲಿ, ಹೆಕ್ಕು, ಪೋಣಿಸು, ಹಿಂದಿನಿಂದ ಚುಚ್ಚಿ ಗಂಟು ಹಾಕು, ಅದೇ ರಂಧ್ರ, ಅದೇ ಉದ್ದ, ಮೊಳೆಗೆ ತೂಗುಹಾಕು, ಸರಿಹೋಯಿತು, ಹೌದಲ್ಲ, ಸರಿಹೋಯಿತು. ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು. ಅಕ್ಕ, ಮುಗೀತಾ? ಹಿಂದೆ ತಿರುಗಿಸಿ ಪಟ್ಟಿ ನೋಡಿದಳು, ಬೆರಳಾಡಿಸಿದಳು, ನೋಡಿ, ನಿಮ್ಮ ಹೊಲಿಗೆ ಎಲ್ಲೂ ಕಾಣ್ಸಲ್ಲ, ಅಂದಳು, ಮುಂದಕ್ಕೆ ತಿರುಗಿಸಿದಳು, ಬಾಗಿ ದಾರದ ಹತ್ತಿರಕ್ಕೆ ಮುಖ ತಂದಳು. ನನ್ನ ಬೆರಳು ಜಿಗುಟುತ್ತಿದೆ — ಮೇಣ, ಪೋಣಿಸುವ ಮುಂಚೆ ದಾರಕ್ಕೆ ಮೇಣ ಎಳೆದಿದ್ದೇನೆ, ಯಾವಾಗ ಎಳೆದೆ, ದಾರ ಸಿಕ್ಕಾಗದೆ ಸೆಟೆದಿರಲಿ ಅಂತ ಪ್ರತಿಸಲ ಎಳೆಯುವ ಹಾಗೆ ಎಳೆದಿದ್ದೇನೆ, ಫ್ಯಾನು ತಿರುಗುತ್ತಿದೆ, ಗೋಡೆಯ ಕ್ಯಾಲೆಂಡರಿನ ಹಾಳೆ ಹಾರುತ್ತಿದೆ, ಅವಳ ಮುಂಗುರುಳು ಹಾರುತ್ತಿದೆ, ನಡುವೆ ಹಸಿರು ದಾರ, ನೆಟ್ಟಗೆ, ಗಾರೆಯವನ ತೂಗುಗುಂಡಿನ ದಾರದ ಹಾಗೆ, ಅಲ್ಲಾಡುತ್ತಿಲ್ಲ