ಹಸಿರು ಸ್ಟೂಲು

"ಅಕ್ಕಾ, ಕೂರಬೇಡಿ!"

ಇಸ್ತ್ರಿಯಕ್ಕ ಸ್ಟೂಲಿಗೆ ತಾಗಲು ಇನ್ನೊಂದು ಗೇಣು ಬಾಕಿ ಇತ್ತು. ಅಷ್ಟರಲ್ಲಿ ಗುಂಡಿ ಹೊಲಿಯುವವಳು ಸೂಜಿ ಬಿಟ್ಟು ಓಡಿಬಂದು ಅವಳ ರಟ್ಟೆ ಹಿಡಿದು ಮೇಲೆತ್ತಿದಳು. ಅಂಗಡಿಯ ಹೊಲಿಗೆ ಯಂತ್ರಗಳೆಲ್ಲ ಒಮ್ಮೆಗೇ ನಿಂತವು.

"ಯಾಕಮ್ಮಾ, ಇದರ ಕಾಲೂ ಮುರಿದಿದೆಯಾ?"

"ಸ್ಟೂಲು ಗಟ್ಟಿಮುಟ್ಟಾಗೇ ಇದೆ. ಅದರ ಮೇಲೆ ಕೂರಬಾರದು, ಅಷ್ಟೇ. ಇಲ್ಲಿ ಮೊದಲಿಂದಲೂ ಹಾಗೇ."

ಮೊದಲಿಂದ ಅಂದರೆ ಯಾವಾಗಿನಿಂದ ಎಂಬುದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಕಾಲು ಮುರಿದುಕೊಂಡು ಮನೆ ಸೇರಿದ ದಿನದಿಂದ. ಆ ಸಂಜೆ ಸ್ಟೂಲಿಗೆ ಹಸಿರು ಬಣ್ಣ ಬಳಿದವಳು ಅವಳೇ. 'ಇದರ ಮೇಲೆ ಯಾರೂ ಕೂರಬೇಡಿ' ಎಂದು ಕೂಗಿ ಹೋದವಳೂ ಅವಳೇ. ಬಣ್ಣ ಮರುದಿನವೇ ಒಣಗಿತು. ಮಾತು ಒಣಗಲಿಲ್ಲ.

ಅವಳಿಲ್ಲದ ತಿಂಗಳುಗಳಲ್ಲಿ ಅಂಗಡಿಯೇನೂ ಕೈಕಟ್ಟಿ ಕೂತಿರಲಿಲ್ಲ. ಹಳಬರು ಹೊಸಬರಿಗೆ ಹೇಳಿದರು, ಹೊಸಬರು ತಮಗಿಂತ ಹೊಸಬರಿಗೆ ಕಣ್ಣರಳಿಸಿ ಹೇಳಿದರು. ಲೆಕ್ಕ ಬರೆಯುವವನೊಬ್ಬ ಹಟಕ್ಕೆ ಬಿದ್ದು ಕೂತನಂತೆ, ವಾರದೊಳಗೆ ಕೆಲಸ ಹೋಯಿತಂತೆ. ದಿನಾ ತಡವಾಗಿ ಬಂದು ಮೇಜಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದ ಆ ಮಹಾಶಯನಿಗೆ ಕೆಲಸ ಹೋಗಲು ಸ್ಟೂಲೇ ಬೇಕಾಯಿತು! ಈಗ ಅದರ ಪಕ್ಕ ಹಾದುಹೋಗುವಾಗ ಎಲ್ಲರೂ ಕೈಯಲ್ಲಿದ್ದ ಕತ್ತರಿಯನ್ನು ಕೆಳಮುಖ ಮಾಡಿಕೊಳ್ಳುತ್ತಿದ್ದರು. ಯಾಕೆಂದು ಕೇಳಿದವರು ಸಂಸ್ಕಾರವಿಲ್ಲದವರು.

ಅಕ್ಕನಿಗೆ ನಗು ಬಂತು. ನಗುವ ಸ್ಥಿತಿ ಮಾತ್ರ ಇರಲಿಲ್ಲ. ಕೂತು ಇಸ್ತ್ರಿ ಮಾಡು, ಇಲ್ಲವೇ ಕೆಲಸ ಬಿಡು ಎಂದಿದ್ದರು ಡಾಕ್ಟರು. ಇಸ್ತ್ರಿ ಮೇಜಿನ ಎತ್ತರಕ್ಕೆ ಸರಿಹೋಗುವ ಸ್ಟೂಲು ಅಂಗಡಿಯಲ್ಲಿ ಅದೊಂದೇ. ಇನ್ನೊಂದು ತರಿಸಿ ಎಂದರೆ, ಇಂಥಾ ಒಳ್ಳೇ ಸ್ಟೂಲು ಇರುವಾಗ ಇನ್ನೊಂದು ಯಾಕೆ ಎನ್ನುವ ಪೈಕಿ ಯಜಮಾನ.

"ಅಯ್ಯೋ, ಅವತ್ತು ಅದು ಹಸಿ ಬಣ್ಣ ಕಣ್ರಪ್ಪಾ! ಬಳಿದಿದ್ದು ನಾನೇ!"

"ಬಣ್ಣ ಬರೀ ನೆಪ ಅಕ್ಕಾ," ಎಂದ ಕಟಿಂಗ್ ಮಾಸ್ಟರು, ಎಲ್ಲ ತಿಳಿದವನ ಧಾಟಿಯಲ್ಲಿ. "ಆ ಮಾತು ನಿಮ್ಮ ಬಾಯಲ್ಲಿ ಯಾಕೆ ಬಂತು? ಅದನ್ನ ಯೋಚಿಸಿ."

"ಯೋಚಿಸೋದೇನು ಮಣ್ಣು! ಒಣಗಿದೆಯಾ ಅಂತ ಕೂತು ನೋಡಿದೆ, ಬಟ್ಟೆಯೆಲ್ಲಾ ಹಸಿರಾಯ್ತು. ಅದಕ್ಕೇ ಕೂಗಿದೆ."

"ಓ... ಕೂತಿದ್ರಾ?" ಗುಂಡಿಯವಳ ದನಿ ತಗ್ಗಿತು. "ಆಮೇಲೆ?"

"ಆಮೇಲೇನು, ಮನೆಗೆ ಹೊರಟೆ."

"ಆಮೇಲೆ?"

ಅಕ್ಕನ ಕೈ ತಾನಾಗಿ ಮುರಿದಿದ್ದ ಕಾಲಿನತ್ತ ಹೋಯಿತು. ಆಮೇಲೆ ಮೆಟ್ಟಿಲು. ಮೆಟ್ಟಿಲ ಮೇಲೆ ಯಾರೋ ಚೆಲ್ಲಿದ್ದ ಸಾಬೂನು ನೀರು. ಎಲ್ಲರ ಕಣ್ಣು ಅವಳ ಬಡಕಲು ಕಾಲಿನ ಮೇಲೆ ನೆಟ್ಟಿತು. ಪಾಪದ ಸಾಬೂನು ನೀರನ್ನು ಕೇಳುವವರೇ ಇರಲಿಲ್ಲ.

ಗಲಾಟೆ ಕೇಳಿ ಯಜಮಾನ ಒಳಗೆ ಬಂದ. ಸಂಜೆಯೊಳಗೆ ಕೋಟುಗಳೆಲ್ಲ ಇಸ್ತ್ರಿಯಾಗಿ ಹೋಗಬೇಕಿತ್ತು.

"ಶುರು ಮಾಡಿದ್ದು ನೀನೇ ಅಲ್ವೇನಮ್ಮಾ? ಮುಗಿಸೋದೂ ನೀನೇ. ಕೂತ್ಕೋ. ಯಾರು ಏನಂತಾರೋ ನಾನು ನೋಡ್ಕೋತೀನಿ. ಇದೆಲ್ಲಾ ಮೂಢರ ಮಾತು."

ಹಾಗೆಂದವನೇ ಸ್ಟೂಲನ್ನು ಅವಳತ್ತ ಸರಿಸಿದ. ಕೈಯಿಂದಲ್ಲ, ಅಳತೆ ಕೋಲಿನಿಂದ.

ಅದು ಬರೀ ಬಣ್ಣ ಎಂದು ಇಡೀ ಲೋಕದಲ್ಲಿ ಖಚಿತವಾಗಿ ಗೊತ್ತಿದ್ದವಳು ಅವಳೊಬ್ಬಳೇ. ಅವಳು ಸ್ಟೂಲನ್ನು ನೋಡಿದಳು. ಆಮೇಲೆ ಇನ್ನೂ ಗಟ್ಟಿಯಾಗಿದ್ದ ತನ್ನ ಇನ್ನೊಂದು ಕಾಲನ್ನು ನೋಡಿಕೊಂಡಳು.

"ಬೇಡ," ಎಂದಳು. "ನಾನು ಕೂರಲ್ಲ."