ಕರು ಮೊದಲು

ಅಂಗಡಿಯಾಕೆ ತೆಗೆದುಕೊಟ್ಟ ಮೂರನೆಯ ದುರ್ಬೀನನ್ನೂ ಸಿದ್ದಲಿಂಗ ಮೊದಲು ಕಣ್ಣಿಗೆ ಹಿಡಿಯಲಿಲ್ಲ. ತಿರುಗಿಸಿ, ಓರೆ ಮಾಡಿ, ಮುಂದಿನ ಗಾಜಿನ ಮೇಲೆ ದೀಪದ ಬೆಳಕು ಬೀಳುವಂತೆ ಹಿಡಿದು ಲೇಪನದ ಬಣ್ಣ ನೋಡಿದ. ಹಸಿರು, ಅದರ ಅಂಚಿಗೆ ಒಂದಿಷ್ಟು ನೇರಳೆ. "ಪರವಾಗಿಲ್ಲ," ಎಂದ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಬಿಗುಮಾನದಲ್ಲಿ. ಪಕ್ಕದಲ್ಲಿ ನಿಂತಿದ್ದ ಮಗಳು ಇಳಾ ಸಣ್ಣಗೆ ನಕ್ಕಳು. ಆ ನಗು ಕೇಳಿ ಒಂದು ವರ್ಷದ ಮೇಲಾಗಿತ್ತು. ಎಲ್ಲಿ ನಿಂತುಹೋಗುತ್ತದೋ ಎಂದು ಅವನು ಅವಳ ಕಡೆ ತಿರುಗಲೇ ಇಲ್ಲ.

ಬೇಟೆಯ ಸಾಮಾನಿನ ಅಂಗಡಿಗೆ ಸಿದ್ದಲಿಂಗ ಕಾಲಿಟ್ಟದ್ದು ಇದೇ ಮೊದಲು. ಗದಗಿನ ಲಿಂಗಾಯತರ ಮನೆಯ ಮಗ. ಗೋಥೆನ್‌ಬರ್ಗಿಗೆ ಬಂದು ಮೂವತ್ತು ವರ್ಷವಾದರೂ ಮನೆಯೊಳಗೆ ಮೊಟ್ಟೆ ಬಂದಿರಲಿಲ್ಲ. ಕೆಲಸ ಮೋಲ್ನ್‌ಡಾಲ್‌ನ ಔಷಧ ಸಂಶೋಧನಾಲಯದಲ್ಲಿ, ಮೈಕ್ರೋಸ್ಕೋಪುಗಳ ವಿಭಾಗದಲ್ಲಿ. ಹತ್ತಿರದ್ದನ್ನು ದೊಡ್ಡದು ಮಾಡಿ ನೋಡುವುದರಲ್ಲೇ ತಲೆ ನೆರೆತಿತ್ತು. ಅಂಥವನ ಮಗಳು ಅರಣ್ಯಶಾಸ್ತ್ರ ಓದಲು ಹೋಗಿ, ಓದಿನ ಜೊತೆಗೆ ಬೇಟೆಯ ಪರೀಕ್ಷೆಯನ್ನೂ ಪಾಸು ಮಾಡಿ, ಬಂದೂಕಿನ ಲೈಸೆನ್ಸು ಮಾಡಿಸಿಕೊಂಡು, ಉತ್ತರದ ಓಸ್ಟರ್‌ಸುಂಡ್‌ನಲ್ಲಿ ಕೆಲಸಕ್ಕೆ ನಿಂತಳು. ಪ್ರತಿ ಸೆಪ್ಟೆಂಬರಿನಲ್ಲಿ ಬೆನ್ನಿಗೆ ಗಂಟು ಕಟ್ಟಿಕೊಂಡು, ರಸ್ತೆಯೇ ಇಲ್ಲದ ಬೆಟ್ಟಗಳಿಗೆ ತಂಡದ ಜೊತೆ ಮೂಸ್ ಬೇಟೆಗೆ ಹೋಗುವಳು. ಮೂಸ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪ ಅನ್ನಬಹುದಾದ ಪ್ರಾಣಿ. ನಿಂತರೆ ಕುದುರೆಗಿಂತ ಎತ್ತರ. ರಜೆಗೆ ಬರುವಾಗ ಅವಳು ಅದರ ಮಾಂಸ ತರುತ್ತಿದ್ದಳು. ತಾಯಿ ಭಾನುಮತಿ ಅದಕ್ಕೆಂದೇ ಒಂದು ಬಾಣಲೆ ಕೊಂಡು ಬಾಲ್ಕನಿಯಲ್ಲಿ, ಹೂಕುಂಡದ ಹಿಂದೆ ಇಟ್ಟಿದ್ದಳು. ಮಗಳು ಚಳಿಯಲ್ಲಿ ಅಲ್ಲೇ ನಿಂತು ಹುರಿದುಕೊಂಡು ತಿನ್ನುವಾಗ ಸಿದ್ದಲಿಂಗ ಒಳಗೆ ಟೀವಿಯ ಸದ್ದು ಜೋರು ಮಾಡಿಕೊಂಡು, ತನಗೇನೂ ಗೊತ್ತಿಲ್ಲ ಎಂಬಂತೆ ಕೂತಿರುತ್ತಿದ್ದ. ಹಾಗೆ ಮೂವರಿಗೂ ಹೊಂದಿಕೆಯಾಗಿತ್ತು.

ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ಭಾನುಮತಿ ಅಡುಗೆಮನೆಯಲ್ಲಿ ನಿಂತವಳು ನಿಂತಂತೆಯೇ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಹೋಗಿಬಿಟ್ಟಳು. ಆ ಎರಡು ದಿನವೂ ಸಿದ್ದಲಿಂಗ ಮಗಳಿಗೆ ಫೋನು ಮಾಡುತ್ತಲೇ ಇದ್ದ. ಆ ಕಡೆಯಿಂದ ಸ್ವೀಡಿಷ್ ಹೆಣ್ಣುದನಿಯೊಂದು ಸಂಪರ್ಕ ಸಾಧ್ಯವಿಲ್ಲ ಎಂದು ಬಲು ಮರ್ಯಾದೆಯಿಂದ ಹೇಳುತ್ತಲೇ ಇತ್ತು. ಎಲ್ಲ ಮುಗಿದ ಮೇಲೆ ಇಳಾ ಒದ್ದೆ ಬೂಟಿನಲ್ಲಿ, ಬೇಟೆಯ ಬಟ್ಟೆಯಲ್ಲೇ ಆಸ್ಪತ್ರೆಯ ಕಾರಿಡಾರಿಗೆ ಓಡಿಬಂದಳು. ಅವಳನ್ನು ಕಂಡದ್ದೇ ಅವನ ಬಾಯಿಂದ ಆ ಮಾತು ಬಂತು. "ನಿಮ್ಮಮ್ಮ ಇಲ್ಲಿ ಪ್ರಾಣ ಬಿಡ್ತಿದ್ದಾಗ ನೀನು ಅಲ್ಲಿ ಪ್ರಾಣ ತೆಗೀತಾ ಕೂತಿದ್ದೆ."

ಇಳಾ ಏನೂ ಹೇಳಲಿಲ್ಲ. ಮಣ್ಣಾಯಿತು, ಮಾಡಬೇಕಾದ್ದೆಲ್ಲ ಆಯಿತು, ಅವಳು ಉತ್ತರಕ್ಕೆ ಹೊರಟುಹೋದಳು. ಭಾನುವಾರಗಳಲ್ಲಿ ಫೋನು ಬರುತ್ತಿತ್ತು. ಬಿಪಿ ಮಾತ್ರೆ ತಗೊಂಡೆಯಾ, ಊಟ ಆಯ್ತಾ, ಅಲ್ಲಿ ಹಿಮ ಬಿತ್ತಾ, ಅಷ್ಟೇ. ಗೋಥೆನ್‌ಬರ್ಗಿಗೆ ಬಂದರೂ ಗೆಳತಿಯ ಮನೆಯಲ್ಲಿ ಉಳಿಯುವಳು. ಮಗಳು ಮನೆಗೆ ಬಂದು ಒಂದು ರಾತ್ರಿ ಮಲಗಿ ಏಳಲಿ ಎಂಬುದಕ್ಕಿಂತ ದೊಡ್ಡ ಆಸೆ ಸಿದ್ದಲಿಂಗನಿಗೆ ಉಳಿದಿರಲಿಲ್ಲ. ಆದರೆ ಆಡಿದ ಮಾತು ಬಾಗಿಲಲ್ಲೇ ಕೂತಿತ್ತು. ಅದನ್ನು ಎಬ್ಬಿಸಿ ಕಳಿಸುವ ಬಗೆ ಅವನಿಗೆ ತಿಳಿದಿರಲಿಲ್ಲ.

ಹೋದ ವಾರ ಫೋನಿನಲ್ಲಿ ಅವಳಾಗಿಯೇ ಕೇಳಿದ್ದಳು. ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಹೊಸ ಸ್ಕೋಪ್ ಕೊಳ್ಳಬೇಕು, ದೂರದ ಗುರಿಗೆ. ನಿನಗೆ ಲೆನ್ಸ್ ಗೊತ್ತಲ್ಲ, ಜೊತೆಗೆ ಬರ್ತೀಯಾ? ಬೇರೆ ಯಾವ ಕಾಲದಲ್ಲಾದರೂ ಅವನು ಫೋನು ಕುಕ್ಕುತ್ತಿದ್ದ. ಈಗ ಕುಣಿಯುವುದೊಂದು ಬಾಕಿ. ವಾರವಿಡೀ ಬೇಟೆಗಾರರ ಹರಟೆಕಟ್ಟೆಗಳನ್ನು ಇಂಟರ್ನೆಟ್ಟಿನಲ್ಲಿ ಜಾಲಾಡಿದ. ಕೊಲ್ಲುವವರ ನಡುವೆಯೂ ಗಾಜಿನ ಬಗ್ಗೆ ಇಷ್ಟು ಶ್ರದ್ಧೆ ಇದೆಯಲ್ಲ ಎಂದು ಬೆರಗುಪಟ್ಟ. ಬರುವಾಗ ಟ್ರಾಮಿನಲ್ಲಿ, ಮಗಳ ಹತ್ತಿರ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಅಂಗಡಿಯ ಬಾಗಿಲಲ್ಲಿ ಅವಳು ಸಿಕ್ಕಿದಾಗ ಬಾಯಿಂದ ಬಂದದ್ದು, ಟೋಪಿ ಹಾಕ್ಕೊಂಡಿಲ್ಲವಲ್ಲ, ಎಂಬ ಮಾತು.

ಗಾಜಿನ ವಿಷಯಕ್ಕೆ ಬಂದರೆ ಮಾತ್ರ ಅವನ ನಾಲಗೆಗೆ ತೊಡಕಿರಲಿಲ್ಲ. ಅಂಗಡಿಯಾಕೆ ಐವತ್ತು ದಾಟಿದ ಗಟ್ಟಿ ಹೆಂಗಸು. ದೂರದ ಗುರಿ ಎಂದೊಡನೆ ಇಪ್ಪತ್ತೈದು ಪಟ್ಟು ದೊಡ್ಡದಾಗಿ ತೋರಿಸುವ ಒಂದನ್ನು ಮುಂದೆ ಇಟ್ಟಿದ್ದಳು. ಸಿದ್ದಲಿಂಗ ಅದನ್ನು ಪಕ್ಕಕ್ಕೆ ಸರಿಸಿದ. ಪ್ರಾಣಿ ದೊಡ್ಡದಾಗಿ ಕಂಡಷ್ಟೂ ಕೈಯ ನಡುಕವೂ ದೊಡ್ಡದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಸುತ್ತಲಿನ ಜಾಗ ಕಾಣದಂತಾಗುತ್ತದೆ ಎಂದು ಮಗಳಿಗೆ ಕನ್ನಡದಲ್ಲೂ ಅಂಗಡಿಯಾಕೆಗೆ ಸ್ವೀಡಿಷ್‌ನಲ್ಲೂ ವಿವರಿಸಿದ. ಮುಂದಿನ ಗಾಜು ಅಗಲವಾಗಿರಬೇಕು, ವರ್ಧನೆ ಮಿತವಾಗಿರಬೇಕು. ಆದರೆ ಅಗಲವಾದಷ್ಟೂ ಭಾರ, ಅದನ್ನು ಹೊತ್ತು ಬೆಟ್ಟ ಹತ್ತುವವಳು ನೀನು, ಎಂದ. ಅಂಗಡಿಯಾಕೆ ತಲೆದೂಗಿ, ನಿಮ್ಮ ತಂದೆ ಎಷ್ಟು ವರ್ಷದಿಂದ ಬೇಟೆಯಾಡುತ್ತಾರೆ ಎಂದು ಇಳಾಳನ್ನು ಕೇಳಿದಳು. ಇಳಾ ಮತ್ತೆ ನಕ್ಕಳು. ಒಂದು ಇರುವೆಯನ್ನೂ ಕೊಂದವರಲ್ಲ ಎಂದಳು.

ಆಮೇಲೆ ಅವಳು ಕೌಂಟರಿನ ಮೇಲೆ ಎರಡೂ ಕೈ ಊರಿ, ಗಾಜುಗಳನ್ನೇ ನೋಡುತ್ತ ಹೇಳಿದಳು. "ಅಪ್ಪ, ದೂರದ್ದು ದೊಡ್ಡದಾಗಿ ಕಾಣ್ಬೇಕು ಅಂತಲ್ಲ. ಸಂಜೆ ಹೊತ್ತಲ್ಲಿ, ಮುನ್ನೂರೈವತ್ತು ಮೀಟರ್ ಆಚೆ, ದೊಡ್ಡದರ ಹಿಂದೆ ಚಿಕ್ಕದೊಂದು ನಿಂತಿದ್ರೆ ಅದು ಗೊತ್ತಾಗ್ಬೇಕು. ನಂಗೆ ಅಷ್ಟು ಸಾಕು."

ಅಂಗಡಿಯಾಕೆಗೆ ಕನ್ನಡ ಬಾರದು. ಇಳಾ ಅದನ್ನೇ ಸ್ವೀಡಿಷ್‌ನಲ್ಲಿ ಹೇಳಿದಾಗ ಅವಳ ಮುಖ ಗಂಭೀರವಾಯಿತು. ಸರಿಯಾದ ಮಾತು ಎಂದಳು. ಸಿದ್ದಲಿಂಗನಿಗೆ ತಿಳಿಯಲೆಂದು ಬಿಡಿಸಿಯೂ ಹೇಳಿದಳು: ಇಲ್ಲಿ ಕರು ಜೊತೆಗಿರುವ ತಾಯಿಯನ್ನು ಮೊದಲು ಹೊಡೆಯುವಂತಿಲ್ಲ. ಕರು ಮೊದಲು, ತಾಯಿ ಆಮೇಲೆ. ತಾಯಿ ಸತ್ತು ಕರು ಉಳಿದರೆ ಅದು ಚಳಿಗಾಲ ದಾಟುವುದಿಲ್ಲ. ಹಿಮದಲ್ಲಿ ದಾರಿ ಮಾಡಿ ಮೇವು ತೋರಿಸುವವರು ಇರುವುದಿಲ್ಲ. ಹಸಿದು ಹಸಿದು ಸಾಯುತ್ತದೆ. ಅಷ್ಟು ಹೇಳಿ, ದುರ್ಬೀನನ್ನು ಅಂಗಡಿಯ ದೀಪದಲ್ಲಿ ನೋಡಿ ಆರಿಸಬಾರದು, ಕಿಟಕಿಯ ಹತ್ತಿರ ಹೋಗಿ ಹೊರಗಿನ ಮಸುಕಿನಲ್ಲಿ ನೋಡಿ ಎಂದು ಇಬ್ಬರನ್ನೂ ಕಳಿಸಿ, ತಾನು ಬೇರೆ ಗಿರಾಕಿಯ ಕಡೆ ಹೋದಳು.

ನವೆಂಬರ್ ತಿಂಗಳು, ನಾಲ್ಕು ಗಂಟೆಗೆಲ್ಲ ಬೆಳಕು ಇಳಿಯುತ್ತಿತ್ತು. ಕಿಟಕಿಯಾಚೆ ಹೊಳೆ, ಹೊಳೆಯಾಚೆ ಲಿಂಡ್‌ಹೋಲ್ಮೆನ್‌ನ ದೋಣಿಕಟ್ಟೆ. ಸಿದ್ದಲಿಂಗ ದುರ್ಬೀನಿನ ಮುಚ್ಚಳ ತೆಗೆಯುತ್ತಿದ್ದ. ಇಳಾ ಹೊಳೆಯ ಕಡೆ ಮುಖ ಮಾಡಿಯೇ ಮಾತು ತೆಗೆದಳು.

"ಹೋದ ವರ್ಷ ನಾನು ತಾಯೀನ ಹೊಡೆದೆ ಅಪ್ಪ. ಕರು ಹಿಂದೆ ಇತ್ತು. ನಂಗೆ ಕಾಣಿಸ್ಲಿಲ್ಲ."

ಅವಳದು ತಾಯಿಯ ಬೆಂಗಳೂರು ಕನ್ನಡ. ತಾಯಿಯ ಹಾಗೆಯೇ, ಅಳು ಬರುವ ಮಾತನ್ನು ಬೇಗಬೇಗ ಆಡಿ ಮುಗಿಸುವಳು. ಕೆಸರುಬಯಲಿನ ಆಚೆ ದಡದಲ್ಲಿ ಪ್ರಾಣಿ ಒಂಟಿಯಾಗಿ ನಿಂತಂತೆ ಕಂಡಿತ್ತು. ಹಳೆಯ ಸ್ಕೋಪಿನಲ್ಲಿ ಬರೀ ಕಪ್ಪು ಆಕಾರ. ಗುಂಡು ತಾಗಿ ಅದು ಬಿದ್ದ ಮೇಲೆ, ಅದರ ಹಿಂದಿನಿಂದ ಕರು ಹೊರಗೆ ಬಂತು. ಓಡಲಿಲ್ಲ. ತಾಯಿಯ ಮುಖ ಮೂಸಿ, ಸುತ್ತು ಹಾಕಿ, ಮತ್ತೆ ಬಂದು ಅಲ್ಲೇ ನಿಂತಿತು. ಆಗಲೇ ಅದನ್ನೂ ಹೊಡೆಯಬೇಕಿತ್ತು; ಇಳಾಳ ಕೈ ಏಳಲಿಲ್ಲ. ತಂಡದವರು ಬರುವಷ್ಟರಲ್ಲಿ ಕರು ಬರ್ಚ್ ಮರಗಳೊಳಗೆ ಸೇರಿಹೋಗಿತ್ತು. ಹುಡುಕಲೇಬೇಕು ಎಂದ ತಂಡದ ಮುಖ್ಯಸ್ಥ. ನಾಯಿ ಕಟ್ಟಿಕೊಂಡು ಹುಡುಕಿದರು. ಮಾರನೆಯ ದಿನ ಉಳಿದವರು ಬೇಸತ್ತು ಇಳಿದುಹೋದರೂ ಇಳಾ ನಾಯಿಯವನ ಜೊತೆ ಬೆಟ್ಟದ ಆಚೆ ಮಗ್ಗುಲಿಗೆ ದಾಟಿದಳು. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

"ನನ್ನ ತಪ್ಪು, ನಾನೇ ಮುಗಿಸ್ಬೇಕಿತ್ತಲ್ಲ. ಅದನ್ನ ಹಾಗೆ ಬಿಟ್ಟು ಬರೋಕೆ ಆಗ್ಲಿಲ್ಲ. ಕೆಳಗೆ ರೋಡಿಗೆ ಬಂದ್ಮೇಲೆ ನಿನ್ನ ಫೋನ್‌ಗಳೆಲ್ಲ ಒಟ್ಟಿಗೆ ಬಂದ್ವು."

"ಸಿಕ್ತಾ?" ಎಂದು ಕೇಳಿದ ಸಿದ್ದಲಿಂಗ.

"ಇಲ್ಲ."

ಆ ದಿನ ಕಾರಿಡಾರಿನಲ್ಲಿ ಅವಳು ಮಾತಾಡದೆ ನಿಂತದ್ದನ್ನು ಅವನು ಹಟ ಎಂದುಕೊಂಡಿದ್ದ. ಮೋಜಿಗೆ ಹೋಗಿದ್ದವಳು, ಬಾಯಿ ಕಟ್ಟಿದೆ ಎಂದುಕೊಂಡಿದ್ದ. ತಾಯಿಯಿಲ್ಲದ ಕರುವೊಂದು ಕಾಡಿನಲ್ಲಿ ಉಳಿಯಬಾರದೆಂದು ಎರಡು ದಿನ ಊಟ ನಿದ್ದೆ ಬಿಟ್ಟು ತಿರುಗಿ, ಸೋತು ಕೆಳಗಿಳಿದ ಹುಡುಗಿಗೆ ತಾನು ಆಡಿದ್ದು ಎಂಥ ಮಾತು. ಕಣ್ಣು ತುಂಬಿದ್ದು ಮಗಳಿಗೆ ಕಾಣದಿರಲಿ ಎಂದು ದುರ್ಬೀನನ್ನು ಮುಖಕ್ಕೆ ಒತ್ತಿಕೊಂಡು ಹೊಳೆಯ ಕಡೆ ತಿರುಗಿದ.

ಮೊದಲು ಎಲ್ಲ ಕದಡಿತು. ರೆಪ್ಪೆ ಬಡಿದು, ಉಂಗುರ ತಿರುವಿದ. ಆಚೆಯ ದೋಣಿಕಟ್ಟೆ ಹತ್ತಿರಕ್ಕೆ ಬಂತು. ಬರಿಗಣ್ಣಿಗೆ ಅಲ್ಲಿ ಸೂರಿನ ನೆರಳಲ್ಲಿ ಒಬ್ಬ ಹೆಂಗಸು, ಅದೂ ಒಂದು ಗೆರೆಯಷ್ಟೇ, ಕಾಣುತ್ತಿದ್ದಳು. ದುರ್ಬೀನಿನಲ್ಲಿ ಅವಳ ಉದ್ದ ಕೋಟು ಕಂಡಿತು. ಕೋಟಿನ ಹಿಂದೆ ಗಾಳಿಗೆ ಮರೆಯಾಗಿ ಒಂದು ಮಗು ನಿಂತಿತ್ತು. ಅದರ ಉಣ್ಣೆಯ ಟೋಪಿ, ಟೋಪಿಯ ಕುಚ್ಚು, ಕೋಟಿನ ಅಂಚನ್ನು ಹಿಡಿದಿದ್ದ ಕೈಗವಸು, ಎಲ್ಲ ಸ್ಪಷ್ಟವಾಗಿತ್ತು.

"ನೀನು ಹೇಳಿದ್ರೆ ನಾನು ನಂಬ್ತೀನಿ," ಇಳಾ ಅಂದಳು. "ಅವತ್ತು ಇದು ಇದ್ದಿದ್ರೆ ಕಾಣ್ತಿತ್ತಾ ಅಪ್ಪ?"

ಗಾಜಿನಲ್ಲಿ ಕಂಡದ್ದನ್ನು ಕಂಡಿಲ್ಲವೆಂದು ಸಿದ್ದಲಿಂಗ ತನ್ನ ಕಸುಬಿನಲ್ಲಿ ಎಂದೂ ಹೇಳಿದವನಲ್ಲ. ಕೂದಲೆಳೆಯ ವ್ಯತ್ಯಾಸಕ್ಕಾಗಿ ಮೇಲಿನವರ ಜೊತೆ ಜಗಳ ಕಾದವನು. ದುರ್ಬೀನು ಕೆಳಗಿಳಿಸಿದ. ಇಲ್ಲಿನ ಕನ್ನಡದವರ ನಡುವೆ ಸವೆದು ಸವೆದು ಮರೆತೇಹೋಗಿದ್ದ ಗದಗಿನ ಮಾತು ತಾನಾಗಿ ಬಾಯಿಗೆ ಬಂತು.

"ಇಲ್ಲವ್ವಾ. ಅಷ್ಟು ದೂರ, ಆ ಬೆಳಕಿನ್ಯಾಗ ಯಾ ಗಾಜಿನ್ಯಾಗೂ ಕಾಣತಿದ್ದಿಲ್ಲ. ಯಾರಿಗೂ ಕಾಣತಿದ್ದಿಲ್ಲ." ಮುಚ್ಚಳವನ್ನು ಬೆರಳಲ್ಲಿ ತಿರುವುತ್ತ ಮತ್ತೆ ಹೇಳಿದ. "ನಾ ಅವತ್ತ ನಿನಗ ಆ ಮಾತು ಆಡಬಾರದಿತ್ತು."

ಇಳಾ ಅವನ ಮುಖವನ್ನೇ ನೋಡಿದಳು. ಆಮೇಲೆ ದುರ್ಬೀನಿಗೆ ಕೈ ಚಾಚಿದಳು. ಅವನಿಗೆ ಕೊಡುವ ಮನಸ್ಸಾಗಲಿಲ್ಲ. ಇನ್ನೊಂದು ನೋಡೋಣ, ಇದು ಭಾರ ಎಂದ. ಅವಳು ಕೈ ಹಿಂದೆಗೆಯಲಿಲ್ಲ. ಕೊಟ್ಟ.

ಅವಳು ಅದನ್ನು ಕಣ್ಣಿಗೆ ಹಿಡಿದು, ಅವನು ನೋಡುತ್ತಿದ್ದ ದಿಕ್ಕಿಗೇ ತಿರುಗಿಸಿದಳು. ಹೊಳೆಯ ಮೇಲೆ ದೋಣಿಯ ಸುಳಿವಿರಲಿಲ್ಲ; ಆಚೆಯ ಕಟ್ಟೆಯಲ್ಲಿ ಆ ಹೆಂಗಸು, ಮಗು ಇನ್ನೂ ಕಾಯುತ್ತಲೇ ಇದ್ದರು. ಉಂಗುರದ ಮೇಲೆ ಅವಳ ಬೆರಳು ಒಂದಿಷ್ಟು ಸರಿದು ನಿಂತಿತು. ಉಸಿರು ಬಿಗಿಹಿಡಿದಿದ್ದಳು. ಒಳಗಿನಿಂದ ಅಂಗಡಿಯಾಕೆ, ಹೇಗಿದೆ, ಆಗುತ್ತದೆಯೇ ಎಂದು ಕೂಗಿ ಕೇಳಿದಳು. ಸಿದ್ದಲಿಂಗ ತಲೆ ತಗ್ಗಿಸಿ ಕಿಟಕಿಯ ಕಟ್ಟೆಯನ್ನು ನೋಡುತ್ತ ನಿಂತ.

ಇಳಾ ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಅವಳ ಎಡಗೈ ಮಾತ್ರ ಹಿಂದಕ್ಕೆ ಬಂದು, ಗಾಳಿಯಲ್ಲಿ ತಡವರಿಸಿ, ಅವನ ಕೋಟಿನ ತೋಳನ್ನು ಹುಡುಕಿ ಹಿಡಿದುಕೊಂಡಿತು.