ತತ್ತಿ ಇಡದ ಕೋಳಿಗಳು

ಮನೆ ಬಾಡಿಗೆಗೆ ಕೊಡುವಾಗ ಬಸಯ್ಯನವರು ಒಂದೇ ಮಾತು ಹೇಳಿದ್ದರು: ಒಳಗೆ ಮಾಂಸದ ಅಡುಗೆ ಆಗಬಾರದು. ರಾಜಶ್ರೀ ಒಪ್ಪಿದ್ದಳು. ನವೆಂಬರ್ ಕೊನೆಯ ಭಾನುವಾರ ಶಿರೂರಿನಿಂದ ಬಂದ ಟಂಟಂ ಆಟೋ ಬಾಗಲಕೋಟೆ ನವನಗರದ ಆ ಮನೆಯ ಮುಂದೆ ನಿಂತಿತು. ಟ್ರಂಕು, ಹಾಸಿಗೆ ಸುರುಳಿ, ಗ್ಯಾಸಿನ ಒಲೆ ಇಳಿದವು. ಆಮೇಲೆ ನಾಲ್ಕು ಕೋಳಿಗಳಿದ್ದ ಬುಟ್ಟಿ ಇಳಿಯಿತು. ಬಸಯ್ಯನವರು ಗೇಟಿಗೆ ಕೈ ಅಡ್ಡ ಹಿಡಿದರು.

“ಇದೇನವಾ ಇದು? ನಾ ಮೊದಲ ಹೇಳಿದ್ದೆನಲ್ಲ.”

“ಅಡಗಿ ಮಾಡಬ್ಯಾಡ ಅಂದಿದ್ರಿ ಅಜ್ಜಾರ. ಸಾಕಬ್ಯಾಡ ಅಂದಿದ್ದಿಲ್ರಿ.”

“ಕೋಳಿ ಮತ್ಯಾಕ ಸಾಕ್ತಾರ? ಪೂಜಾ ಮಾಡಾಕೇನು?”

“ಸುಮ್ಮನ ಸಾಕೂದ್ರಿ. ನೀವು ಗುಲಾಬಿ ಗಿಡ ಸಾಕೀರಲ್ಲ, ಹಂಗ.”

ಬಸಯ್ಯನವರು ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಹೇಳದೆ ಬಿಟ್ಟ ಷರತ್ತನ್ನು ಆಮೇಲೆ ಸೇರಿಸಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೈ ತೆಗೆದರು. “ಒಂದು ತಿಂಗಳು. ಅಷ್ಟರಾಗ ಎಲ್ಲೆರೆ ಕಳಸು,” ಎಂದು ಮಹಡಿ ಹತ್ತಿದರು.

ರಾಜಶ್ರೀ ಬಾಗಲಕೋಟೆ–ಇಳಕಲ್ ಬಸ್ಸಿನ ಕಂಡಕ್ಟರ್. ವಯಸ್ಸು ಮೂವತ್ತನಾಲ್ಕು. ಹೊಸ ಡ್ಯೂಟಿಯಲ್ಲಿ ಬೆಳಗಿನ ಮೊದಲ ಬಸ್ಸು ಅವಳದಾಗಿತ್ತು. ಶಿರೂರಿನಿಂದ ಆ ಹೊತ್ತಿಗೆ ಬರುವುದು ಸಾಧ್ಯವಿರಲಿಲ್ಲ, ಅದಕ್ಕೇ ಈ ಮನೆ. ಅದಕ್ಕೂ ಮೊದಲು ಐದು ವರ್ಷ ಅಣ್ಣ ನಿಂಗರಾಜನ ಮನೆಯಲ್ಲಿದ್ದಳು. ಮಕ್ಕಳಾಗಲಿಲ್ಲವೆಂಬ ಮಾತು ತಾಳದೆ ಬದಾಮಿಯ ಗಂಡನ ಮನೆ ಬಿಟ್ಟು ಬಂದ ವರ್ಷವೇ ಈ ಕೋಳಿಗಳನ್ನು ಮರಿಗಳಾಗಿ ತಂದು ಸಾಕಿದ್ದಳು. ಇಲ್ಲೇ ಬಿಟ್ಟು ಹೋಗು, ನಾವು ನೋಡಿಕೊಳ್ಳುತ್ತೇವೆ ಎಂದು ನಿಂಗರಾಜ ಹೇಳಿದ್ದ. ಅಣ್ಣನ ಮನೆಗೆ ಬೀಗರು ಬಂದ ಮರುದಿನ ಅಂಗಳದಲ್ಲಿ ಒಂದು ಕೋಳಿ ಕಡಿಮೆಯಾಗುವುದನ್ನು ಅವಳು ಐದು ವರ್ಷ ನೋಡಿದ್ದಳು.

ಡಿಸೆಂಬರ್ ಎರಡನೇ ವಾರ ಚಳಿ ಜೋರಾಯಿತು. ಮನೆಯ ಹಿಂದೆ ಸಾಲಾಗಿ ಖಾಲಿ ಸೈಟುಗಳು. ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಗೆ ಅಡ್ಡವೇ ಇರಲಿಲ್ಲ. ಶಿರೂರಿನಲ್ಲಿ ಕೋಳಿಗಳು ಕೊಟ್ಟಿಗೆಯಲ್ಲಿ ಎಮ್ಮೆಗಳ ನಡುವೆ ಮಲಗುತ್ತಿದ್ದವು. ಆ ಬೆಚ್ಚಗಿನ ಜಾಗ ಎಮ್ಮೆಗಳಿಂದ ಬೆಚ್ಚಗಿತ್ತು ಎಂದು ರಾಜಶ್ರೀ ಯಾವತ್ತೂ ಯೋಚಿಸಿರಲಿಲ್ಲ. ಇಲ್ಲಿ ಹಿತ್ತಲಿನ ಗೋಡೆಗೆ ತಗಡು ಆನಿಸಿ ಗೂಡು ಮಾಡಿದಳು. ಚಳಿ ಹೆಚ್ಚಿದಂತೆ ಒಂದಿಷ್ಟೂ ಸಂದಿ ಬಿಡದೆ ಸುತ್ತಲೂ ಪ್ಲಾಸ್ಟಿಕ್ ತಾಡಪತ್ರಿ ಬಿಗಿದಳು.

ಆರು ದಿನಕ್ಕೆ ಒಂದು ಸತ್ತಿತು. ನಾಲ್ಕರಲ್ಲಿ ಕರಿಯದು, ಅವಳ ಕೈಮೇಲೆ ಹತ್ತಿ ಕೂರುತ್ತಿದ್ದದ್ದು. ಬೆಳಗ್ಗೆ ನುಚ್ಚು ಹಾಕಲು ಹೋದಾಗ ಕಾಲು ಸೆಟೆದು ಬಿದ್ದಿತ್ತು. ಉಳಿದ ಮೂರರ ಮೂಗಿನಲ್ಲಿ ನೀರು. ಗಡಿಯಾರ ನೋಡಿದಳು, ಡ್ಯೂಟಿಗೆ ಅರ್ಧ ತಾಸಿತ್ತು. ಪೇರಲ ಗಿಡದ ಬುಡದಲ್ಲಿ ತಗ್ಗು ತೋಡಿ ಹೂತಳು. ಕೈ ತೊಳೆದು ಸಮವಸ್ತ್ರ ಹಾಕಿಕೊಳ್ಳುವಾಗ ಅಳು ಬಂತು, ಅತ್ತಳು, ಹೋದಳು.

ಅಮೀನಗಡ ದಾಟುವಾಗ ಅಣ್ಣನ ಫೋನು ಬಂತು. ಸುದ್ದಿ ಕೇಳಿ ಅವನು ಹೇಳಿದ, “ಉಳದದ್ದನ್ನಾದ್ರೂ ಊರಿಗೆ ಕಳಸು. ಸತ್ತಮ್ಯಾಗ ಯಾರ ಉಪಯೋಗಕ್ಕೂ ಬರೂದಿಲ್ಲ. ಎಳ್ಳ ಅಮಾಸಿಗೆ ಮಂದಿ ಬರಾವ್ರದಾರ.”

“ಕಳಸೂದಿಲ್ಲ.”

“ತತ್ತಿ ಇಡೂದು ನಿಂತೈತಿ ಅಂತಿ. ತತ್ತಿ ಇಡದ ಕೋಳಿ ಇಟಗೊಂಡು ಏನ ಮಾಡ್ತಿ?”

ರಾಜಶ್ರೀ ಹೇಳಿದಳು, “ಅಣ್ಣ, ಈ ಮಾತು ನಾ ಬದಾಮ್ಯಾಗ ಕೇಳಿ ಬಂದೇನಿ. ನಿನ್ನ ಬಾಯಾಗ ಕೇಳಾಕ ತಯಾರಿಲ್ಲ.”

ಫೋನು ಇಟ್ಟಳು. ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. “ಟಿಕೇಟ್ ಆತೇನ್ರಿ?” ಎಂದು ಅವನನ್ನೇ ಕೇಳಿದಳು.

ಹುನಗುಂದದ ಬಸ್ ನಿಲ್ದಾಣದ ಹೊರಗೆ ಕಾಸಿಂಬಿ ಎಂಬ ಮುದುಕಿ ನಾಟಿಕೋಳಿ ಮಾರುತ್ತಿದ್ದಳು. ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ರಾಜಶ್ರೀ ಇಳಿದು ಹೋಗಿ ಎಲ್ಲವನ್ನೂ ಹೇಳಿದಳು. ತಾಡಪತ್ರಿಯ ಮಾತು ಬಂದಾಗ ಕಾಸಿಂಬಿ ಹಣೆ ಮುಟ್ಟಿಕೊಂಡಳು.

“ಥಂಡಿ ಅಲ್ಲವ್ವಾ ಅದನ್ನ ಕೊಂದದ್ದು, ಪಸಿ. ಅವುಗಳ ಉಸುರು ಪ್ಲಾಸ್ಟಿಕ್ಕಿಗೆ ಬಡದು ನೀರಾಗಿ ಅವುಗಳ ಮ್ಯಾಲೇ ಬಿದ್ದೈತಿ. ಕೆಳಗ ಹೊಟ್ಟು ದಪ್ಪ ಹಾಕು, ದಿನಾ ಒಣಗಸು. ಗಾಳಿ ಬಡಿಯೂ ಕಡೆ ಮುಚ್ಚು, ಮ್ಯಾಲೆ ಒಂದು ಗೇಣು ಬಿಡು. ಮಲಗೂ ಮುಂದ ಗೊಂಜಾಳದ ಕಾಳು ಹಾಕು, ಹೊಟ್ಟಿ ಬೆಚ್ಚಗಿರತೈತಿ.”

ತನ್ನ ಕೈಯಿಂದಲೇ ಕರಿಯದು ಸತ್ತಿತು ಎಂದು ರಾಜಶ್ರೀಗೆ ತಿಳಿಯಿತು. ಆದರೆ ತಿಳಿದದ್ದರಿಂದ ಮಾಡುವ ಕೆಲಸವೂ ಸಿಕ್ಕಿತ್ತು. ರಜೆಯ ದಿನ ಹಲಗೆ ಪೆಟ್ಟಿಗೆ ತಂದು ಹೊಸ ಗೂಡು ಕಟ್ಟಿದಳು. ನೆಲದಿಂದ ಎರಡು ಇಟ್ಟಿಗೆ ಎತ್ತರ, ಉತ್ತರಕ್ಕೆ ಅವ್ವ ಕೊಟ್ಟಿದ್ದ ಕರಿ ಕಂಬಳಿ, ಒಳಗೆ ಶೇಂಗಾ ಹೊಟ್ಟು. ಅಡುಗೆಮನೆಯಿಂದ ವೈರು ಎಳೆದು ಒಂದು ಬಲ್ಬು ಹಾಕಿದಳು. ದನದ ದವಾಖಾನೆಯ ಔಷಧಿಯನ್ನು ಒಂದೊಂದರ ಕೊಕ್ಕು ಬಿಡಿಸಿ ಹನಿ ಹನಿಯಾಗಿ ಕುಡಿಸಿದಳು. ವಾರದಲ್ಲಿ ಮೂಗಿನ ನೀರು ನಿಂತಿತು.

ತಿಂಗಳು ತುಂಬಿದ ದಿನ ಸಂಜೆ ಅವಳು ಬಂದಾಗ ಬಲ್ಬು ಇರಲಿಲ್ಲ. ವೈರನ್ನು ಸುತ್ತಿ ಬಾಗಿಲ ಹಿಡಿಗೆ ತೂಗುಹಾಕಲಾಗಿತ್ತು. ಬಸಯ್ಯನವರೂ ಅವರ ಹೆಂಡತಿ ಗುರುಲಿಂಗವ್ವನವರೂ ಕೆಳಗಿಳಿದು ನಿಂತಿದ್ದರು.

“ತಿಂಗಳು ಮುಗೀತು,” ಎಂದರು ಬಸಯ್ಯ.

ರಾಜಶ್ರೀ ಗೂಡಿನ ಬಾಗಿಲು ತೆಗೆದು ಮೂರೂ ಕೋಳಿಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋಗಿ ಬಚ್ಚಲುಮನೆಯಲ್ಲಿ ಬಿಟ್ಟಳು. ಹೊಟ್ಟಿನ ಚೀಲವನ್ನೂ ಒಳಗೆ ಎಳೆದಳು.

“ಮನಿ ಒಳಗ?” ಗುರುಲಿಂಗವ್ವನವರ ದನಿ ಏರಿತು.

“ಹೊರಗ ದೀಪ ತಗದ್ರಿ, ಒಳಗ ಕರಕೊಂಡೆ. ಬಾಡಗಿ ಕೊಡ್ತೇನಿ, ಒಳಗ ಯಾರು ಮಲಗಬೇಕು ಅನ್ನೂದು ನಂದ್ರಿ ಅಮ್ಮಾರ.”

ಗುರುಲಿಂಗವ್ವನವರು ಗಂಡನನ್ನು ಸುಮ್ಮನಿರಿಸಿ ಮುಂದೆ ಬಂದರು. “ನೋಡು, ನಾವೇನು ಕೆಟ್ಟ ಮಂದಿ ಅಲ್ಲ. ಇನ್ನಮ್ಯಾಲೆ ಕೋಳಿ ತಿನ್ನೂದಿಲ್ಲ ಅಂತ ದೇವರ ಮ್ಯಾಲೆ ಆಣಿ ಮಾಡು. ಇರಲಿ ಬಿಡು ಅಂತೇನಿ.”

ಸುಲಭದ ದಾರಿ. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು.

“ಆಣಿ ಮಾಡೂದಿಲ್ರಿ. ನಾವು ಬೀರಪ್ಪ ದೇವರ ಒಕ್ಕಲು, ಕೋಳಿ ತಿನ್ನೂ ಮಂದಿ. ಊರಿಗೆ ಹೋದಾಗ ತಿಂತೇನಿ. ಅದರಾಗ ನಾಚಿಕಿ ಏನಿಲ್ಲ. ಆದ್ರ ಈ ಮೂರನ್ನ ತಿನ್ನೂದಿಲ್ಲ, ಯಾರಿಗೂ ತಿನ್ನಾಕ ಕೊಡೂದಿಲ್ಲ. ನಂಬೂದಿದ್ರ ನಂಬ್ರಿ.”

“ಹಂಗಂದ್ರ ಮನಿ ಖಾಲಿ ಮಾಡು,” ಎಂದರು ಬಸಯ್ಯ.

“ಮಾಡ್ತೇನಿ ಅಜ್ಜಾರ. ಆದ್ರ ಈಗಲ್ಲ. ಈ ಚಳ್ಯಾಗ ಇವ್ನ ಮತ್ತೊಮ್ಮೆ ಜಾಗಾ ಬದಲಿಸಿದ್ರ ಸಾಯ್ತಾವ. ಚಳಿ ಹೋಗೂತನಕ ನೀವು ಹೋಗು ಅಂದ್ರೂ ಹೋಗೂದಿಲ್ಲ. ಚಳಿ ಹೋದಮ್ಯಾಗ ಇರು ಅಂದ್ರೂ ಇರೂದಿಲ್ಲ.”

ಜನವರಿ ಪೂರ್ತಿ ಹಾಗೇ ಕಳೆಯಿತು. ಮಹಡಿಯವರು ಮಾತು ಬಿಟ್ಟರು. ಓಣಿಯಲ್ಲಿ ಅವಳಿಗೆ ಕೋಳಿ ಕಂಡಕ್ಟರ್ ಎಂದು ಹೆಸರು ಬಿತ್ತು, ಅವಳು ಅದಕ್ಕೆ ಓಗೊಟ್ಟಳು. ದಿನಾ ಬೆಳಗ್ಗೆ ಬಚ್ಚಲು ಬಳಿದು, ಹೊಟ್ಟು ಬಿಸಿಲಿಗೆ ಹರವಿ ಡ್ಯೂಟಿಗೆ ಹೋಗುತ್ತಿದ್ದಳು. ಹುನಗುಂದದಲ್ಲಿ ಬಸ್ಸು ನಿಂತಾಗಲೆಲ್ಲ ಇಳಿದು ಹಿತ್ತಲಿರುವ ಮನೆ ವಿಚಾರಿಸುತ್ತಿದ್ದಳು. ಕಾಸಿಂಬಿ ತನ್ನ ಓಣಿಯಲ್ಲೇ ಒಂದನ್ನು ಹುಡುಕಿಕೊಟ್ಟಳು: ಎರಡು ಕೋಣೆ, ಸುತ್ತ ಎತ್ತರದ ಕಲ್ಲುಗೋಡೆ, ಹಿಂದೆ ಬೇವಿನ ಮರ. ರಾಜಶ್ರೀ ಹುನಗುಂದದಿಂದ ಹೊರಡುವ ಬಸ್ಸಿಗೆ ಡ್ಯೂಟಿ ಬದಲಿಸಿಕೊಂಡಳು.

ಶಿವರಾತ್ರಿಯ ಹಿಂದಿನ ವಾರ ಬೆಳಗಿನ ಬಿಸಿಲು ಚುರುಗುಟ್ಟತೊಡಗಿತು. ಟ್ರಂಕನ್ನು ಹೊರಗಿಡುವಾಗ ಬಸಯ್ಯನವರು ಮೆಟ್ಟಿಲ ಮೇಲೆ ಬಂದು ನಿಂತರು. ಸ್ವಲ್ಪ ಹೊತ್ತು ಗುಲಾಬಿ ಗಿಡಗಳನ್ನು ನೋಡುತ್ತಿದ್ದು, “ಇರಬಹುದಿತ್ತಲ್ಲವಾ. ಈಗೇನು ತ್ರಾಸಿಲ್ಲ,” ಎಂದರು.

“ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಅಜ್ಜಾರ. ಹೇಳಿದ ಮಾತು ಹೇಳಿದ್ದು,” ಎಂದಳು ರಾಜಶ್ರೀ. ಬಗ್ಗಿ ನಮಸ್ಕಾರ ಮಾಡಿ ಬುಟ್ಟಿ ಎತ್ತಿಕೊಂಡಳು.

ಸಾಮಾನು ಟಂಟಂನಲ್ಲಿ ಮುಂದೆ ಹೋಯಿತು. ಕೋಳಿಗಳಿಗೆ ಗಾಳಿ ಬಡಿಯಬಾರದೆಂದು ಅವಳು ಬಸ್ಸಿಗೆ ಬಂದು, ಮೂರನೇ ಸೀಟಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವತ್ತಿನ ಕಂಡಕ್ಟರ್ ರಾಹುಲ ಎಂಬ ಹೊಸಬ ನಕ್ಕು, ನೋಡದವನಂತೆ ಮುಂದೆ ಹೋಗತೊಡಗಿದ.

“ನಿಂದರಪಾ,” ಎಂದಳು. “ಕೋಳಿಗೂ ಟಿಕೇಟ್ ಐತಿ. ಮೂರಕ್ಕೂ ಹರಿ.”

“ಬಿಡ್ರಿ ಅಕ್ಕಾರ, ನಮ್ಮವರು…”

“ಬಿಡಬ್ಯಾಡ. ಹುನಗುಂದ, ಮೂರು.”